ಪರೀಕ್ಷೆ ‘ಬರೆಯುವುದು’: ಕಂಠಪಾಠದಿಂದ ಗಣಕದ ಪರದೆಯವರೆಗೆ

ಕನ್ನಡದಲ್ಲಿ ಪರೀಕ್ಷೆ ಎಂಬ ನಾಮಪದದೊಡನೆ ಬಳಕೆಯಾಗುವ ಕ್ರಿಯಾಪದಗಳು ಹಲವು. ಶುಲ್ಕ ತುಂಬಿ ಹೆಸರು ನೋಂದಾಯಿಸುವುದು ‘ಪರೀಕ್ಷೆಗೆ ಕಟ್ಟುವುದು’. ಕೊಠಡಿಯೊಳಗೆ ಹೋಗುವುದು ‘ಪರೀಕ್ಷೆಗೆ ಕೂರುವುದು’. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಪರೀಕ್ಷಾ ಕೊಡುವುದು’ ಎಂಬ ರೂಪವೂ ಉಂಟು. ಇವೆಲ್ಲಕ್ಕಿಂತ ವ್ಯಾಪಕವಾದುದು ‘ಪರೀಕ್ಷೆ ಬರೆಯುವುದು’. ವಿಶ್ವವಿದ್ಯಾಲಯಗಳ ಹಂತದಲ್ಲಿ ಗಣಕಯಂತ್ರದ ಮುಂದೆ ಕುಳಿತು, ಪರದೆಯ ಮೇಲೆ ಮೂಡುವ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಮೌಸಿನಿಂದ ಒತ್ತಿ ಬರುವ ಅಭ್ಯರ್ಥಿಯೂ ಹೊರಗೆ ಬಂದ ಮೇಲೆ ಮನೆಗೆ ಫೋನು ಮಾಡಿ ಹೇಳುವುದು ‘ಪರೀಕ್ಷೆ ಬರೆದೆ’ ಎಂದೇ. ಮೂರು ಗಂಟೆಗಳ ಅವಧಿಯಲ್ಲಿ ಆತ ಅಥವಾ ಆಕೆ ಉತ್ತರವೆಂದು ಒಂದಕ್ಷರವನ್ನೂ ಬರೆದಿರುವುದಿಲ್ಲ.

ಭಾಷೆಯ ಈ ಹಳೆಯ ಅಭ್ಯಾಸವು ಕೇವಲ ಜಡತೆಯಲ್ಲ. ಒಂದು ಆಚರಣೆಯ ಒಳಗಿನ ಕ್ರಿಯೆ ಬದಲಾದರೂ ಅದರ ಹೆಸರು ಉಳಿಯುವುದು ಜಾನಪದ ಅಧ್ಯಯನಕ್ಕೆ ಚಿರಪರಿಚಿತವಾದ ಸಂಗತಿ. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯದು. ವಿಶ್ವವಿದ್ಯಾಲಯದ ಪರೀಕ್ಷೆ ಡಿಜಿಟಲ್ ಆದಾಗ ಬರವಣಿಗೆ ಅದರಿಂದ ಹೊರಬಿದ್ದುದು ಯಂತ್ರದ ಕಾರಣದಿಂದಲೇ? ಸಾಮಾನ್ಯವಾಗಿ ಹಾಗೆಂದೇ ನಂಬಲಾಗಿದೆ. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಅಧ್ಯಾಪಕ ವೃತ್ತಿಯನ್ನು ಬಯಸುವವರು ಎದುರಿಸುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ, ಅಂದರೆ ಎನ್‌ಇಟಿಯ, ಚರಿತ್ರೆಯನ್ನು ನೋಡಿದರೆ ಈ ನಂಬಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ.

ಕಂಠದಿಂದ ಕಾಗದಕ್ಕೆ

ಕನ್ನಡ ನಾಡಿನಲ್ಲಿ ಕಲಿಕೆಯ ಪರೀಕ್ಷೆ ಬಹುಕಾಲ ಬಾಯಿಯ ಮೂಲಕವೇ ನಡೆಯಿತು. ಐದನೆಯ ಶತಮಾನದ ತಾಳಗುಂದ ಶಾಸನವು ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋದುದನ್ನು ಹೇಳುತ್ತದೆ. ಆ ಘಟಿಕೆಯ ನೆನಪು ಇಂದಿಗೂ ಪದವಿ ಪ್ರದಾನ ಸಮಾರಂಭದ ಹೆಸರಿನಲ್ಲಿ, ‘ಘಟಿಕೋತ್ಸವ’ದಲ್ಲಿ, ಉಳಿದುಕೊಂಡಿದೆ. ಗ್ರಾಮಗಳ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತರೂ, ಬಳಪ ಹಿಡಿದು ಕಡತದಲ್ಲಿ ತಿದ್ದಿದರೂ, ಕಲಿತದ್ದಕ್ಕೆ ಸಾಕ್ಷಿಯಾಗಿ ನಿಲ್ಲುತ್ತಿದ್ದುದು ಮಗ್ಗಿ, ಬಾಯಿಲೆಕ್ಕ ಮತ್ತು ಪದ್ಯಗಳ ಕಂಠಪಾಠ. ಮಹಾನವಮಿಯ ದಿನಗಳಲ್ಲಿ ಅಯ್ಯನವರ ಹಿಂದೆ ಮಕ್ಕಳು ಮನೆಮನೆಗೆ ಹೋಗಿ ಚೌಪದ ಹಾಡುತ್ತಿದ್ದ ಸಂಪ್ರದಾಯವನ್ನು ದಕ್ಷಿಣೆ ಸಂಗ್ರಹಿಸುವ ಪದ್ಧತಿ ಎಂದಷ್ಟೇ ನೋಡಲಾಗಿದೆ. ಊರಿನವರೆಲ್ಲ ಮಕ್ಕಳ ಕಲಿಕೆಯನ್ನು ಕಿವಿಯಾರೆ ಕೇಳಿ ಒಪ್ಪುವ ಸಾರ್ವಜನಿಕ ಪರೀಕ್ಷೆಯೂ ಅದಾಗಿತ್ತು ಎಂದು ಸೇರಿಸುವುದು ಉಚಿತ.

ಇಂಗ್ಲೆಂಡಿನಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಭಾಷೆಯ ವಾಗ್ವಾದವೇ ಪದವಿಯ ದಾರಿಯಾಗಿತ್ತು. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಗಣಿತದ ಪರೀಕ್ಷೆಯು ಹಂತಹಂತವಾಗಿ ಕಾಗದಕ್ಕೆ ಇಳಿಯಿತು. 1857ರಲ್ಲಿ ಕಲ್ಕತ್ತಾ, ಮುಂಬಯಿ ಮತ್ತು ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪನೆಯಾದಾಗ ಅವುಗಳಿಗೆ ಮಾದರಿಯಾದುದು ಲಂಡನ್ ವಿಶ್ವವಿದ್ಯಾಲಯ. ಅವು ಆರಂಭದಲ್ಲಿ ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಕಾಲೇಜುಗಳಲ್ಲಿ ಓದಿದವರನ್ನು ಪರೀಕ್ಷಿಸಿ ಪದವಿ ನೀಡುವ ಸಂಸ್ಥೆಗಳಾಗಿದ್ದವು. ಭಾರತದಲ್ಲಿ ಆಧುನಿಕ ವಿಶ್ವವಿದ್ಯಾಲಯವು ಮೊದಲು ಪರೀಕ್ಷಾ ಕಚೇರಿಯಾಗಿ ಹುಟ್ಟಿ, ಆಮೇಲೆ ವಿದ್ಯಾಲಯವಾಯಿತು ಎಂಬುದನ್ನು ಮರೆಯುವಂತಿಲ್ಲ. ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಗಳು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಮದರಾಸಿನ ಪ್ರಶ್ನೆಪತ್ರಿಕೆಗೇ ಉತ್ತರ ಬರೆಯಬೇಕಾಗಿತ್ತು. ಕನ್ನಡ ಎಂ.ಎ. ತರಗತಿ ಮೈಸೂರಿನಲ್ಲಿ ಆರಂಭವಾದುದು 1927ರಲ್ಲಿ. ವಿಶ್ವವಿದ್ಯಾಲಯದ ಅತ್ಯುನ್ನತ ತರಗತಿಯ ಪರೀಕ್ಷೆಯಲ್ಲಿ ಕನ್ನಡ ಸಾಹಿತ್ಯವನ್ನು ಕುರಿತು ದೀರ್ಘ ಪ್ರಬಂಧರೂಪದ ಉತ್ತರ ಬರೆಯುವ ಪರಂಪರೆಗೆ ಹಾಗೆ ನೋಡಿದರೆ ಇನ್ನೂ ನೂರು ವರ್ಷದ ಆಸುಪಾಸಿನ ವಯಸ್ಸು.

ಬರವಣಿಗೆಯ ಪರೀಕ್ಷೆ ಬಂದ ಮೇಲೂ ಬಾಯಿ ಸುಮ್ಮನಾಗಲಿಲ್ಲ. ಓದಿನ ಸಿದ್ಧತೆಗೆ ಕನ್ನಡದಲ್ಲಿರುವ ಮಾತುಗಳು ‘ಬಾಯಿಪಾಠ’, ‘ಉರು ಹೊಡೆಯುವುದು’. ಅನುತ್ತೀರ್ಣತೆಗೆ ‘ಡುಮ್ಕಿ ಹೊಡೆಯುವುದು’, ‘ಗೋತಾ ಹೊಡೆಯುವುದು’. ಉತ್ತರಪತ್ರಿಕೆಯ ಸುತ್ತ ಒಂದು ಸಣ್ಣ ಆಚಾರ ಪ್ರಪಂಚವೇ ಬೆಳೆಯಿತು. ಮೊದಲ ಪುಟದ ಮೇಲ್ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ‘ಶ್ರೀ’ ಬರೆಯುವುದು, ಒಂದೇ ಪೆನ್ನನ್ನು ಎಲ್ಲ ಪತ್ರಿಕೆಗಳಿಗೂ ಕಾಯ್ದಿರಿಸುವುದು, ಆ ಪೆನ್ನನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚುವುದು, ಹೆಚ್ಚುವರಿ ಹಾಳೆಗಳನ್ನು ಬಿಳಿಯ ದಾರದಿಂದ ಬಿಗಿಯುವುದು. ‘ಎಷ್ಟು ಅಡಿಷನಲ್ ತಗೊಂಡೆ?’ ಎಂಬುದು ಪರೀಕ್ಷಾ ಕೊಠಡಿಯ ಹೊರಗೆ ಕೇಳಿಬರುವ ಮೊದಲ ಪ್ರಶ್ನೆ. ಹಾಳೆಗಳ ಸಂಖ್ಯೆಗೂ ಅಂಕಗಳಿಗೂ ನೇರ ಸಂಬಂಧವಿದೆ ಎಂಬ ವಿದ್ಯಾರ್ಥಿ ಜನಪದರ ನಂಬಿಕೆಯನ್ನು ಯಾವ ಮೌಲ್ಯಮಾಪಕರೂ ಅಲುಗಿಸಲಾಗಿಲ್ಲ.

ಗುರುತು ಹಾಕುವ ಪರೀಕ್ಷೆ

ವಿಶ್ವವಿದ್ಯಾಲಯ ಅನುದಾನ ಆಯೋಗದ ಎನ್‌ಇಟಿ ಪರೀಕ್ಷೆ ಆರಂಭವಾದುದು 1989ರಲ್ಲಿ. ಅದರಲ್ಲಿ ಮೂರು ಪತ್ರಿಕೆಗಳಿದ್ದವು. ಮೊದಲೆರಡು ವಸ್ತುನಿಷ್ಠ ಮಾದರಿಯವು. ಮೂರನೆಯದು ವಿವರಣಾತ್ಮಕವಾದುದು. ಕನ್ನಡವನ್ನು ಆರಿಸಿಕೊಂಡ ಅಭ್ಯರ್ಥಿಯು ಈ ಮೂರನೆಯ ಪತ್ರಿಕೆಯಲ್ಲಿ ಕನ್ನಡದಲ್ಲಿಯೇ ಪ್ರಬಂಧ ಮತ್ತು ಟಿಪ್ಪಣಿಗಳನ್ನು ಬರೆಯಬೇಕಾಗಿತ್ತು. ಮೊದಲೆರಡು ಪತ್ರಿಕೆಗಳಲ್ಲಿ ನಿಗದಿತ ಅಂಕ ಪಡೆದವರ ಮೂರನೆಯ ಪತ್ರಿಕೆಯನ್ನು ಮಾತ್ರ ಮೌಲ್ಯಮಾಪನ ಮಾಡಲಾಗುತ್ತಿತ್ತು.

2012ರ ಜೂನ್ ಪರೀಕ್ಷೆಯಿಂದ ಮೂರನೆಯ ಪತ್ರಿಕೆಯೂ ವಸ್ತುನಿಷ್ಠವಾಯಿತು. ಆಗ ಪರೀಕ್ಷೆ ನಡೆಯುತ್ತಿದ್ದುದು ಕಾಗದದ ಮೇಲೆಯೇ. ಉತ್ತರವನ್ನು ಓಎಂಆರ್ ಹಾಳೆಯ ವೃತ್ತಗಳನ್ನು ತುಂಬಿ ಸೂಚಿಸಬೇಕಾಗಿತ್ತು. 2018ರ ಜುಲೈಯಲ್ಲಿ ಮೂರು ಪತ್ರಿಕೆಗಳು ಎರಡಾದವು. 2017ರಲ್ಲಿ ರಚನೆಯಾದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು 2018ರ ಡಿಸೆಂಬರಿನಿಂದ ಎನ್‌ಇಟಿಯ ಹೊಣೆ ಹೊತ್ತು ಅದನ್ನು ಗಣಕಾಧಾರಿತ ಪರೀಕ್ಷೆಯಾಗಿ ಮಾರ್ಪಡಿಸಿತು. ಎರಡು ಪತ್ರಿಕೆಗಳು, 150 ಪ್ರಶ್ನೆಗಳು, 300 ಅಂಕಗಳು, ಬಿಡುವಿಲ್ಲದ 3 ಗಂಟೆಗಳು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ.

ಈ ಕಾಲಾನುಕ್ರಮವೇ ಮುಖ್ಯವಾದುದು. ಬರವಣಿಗೆ ಹೊರಬಿದ್ದುದು 2012ರಲ್ಲಿ. ಗಣಕ ಒಳಬಂದುದು 2018ರ ಕೊನೆಯಲ್ಲಿ. ನಡುವೆ ಆರು ವರ್ಷಗಳ ಅಂತರವಿದೆ. ಬರೆದ ಉತ್ತರವನ್ನು ಓದಬಲ್ಲ ಮೌಲ್ಯಮಾಪಕರನ್ನು ಪ್ರತಿಯೊಂದು ವಿಷಯಕ್ಕೂ, ಪ್ರತಿಯೊಂದು ಭಾಷೆಗೂ ಹೊಂದಿಸುವ ಶ್ರಮವನ್ನು ವ್ಯವಸ್ಥೆ ಕೈಬಿಟ್ಟ ಮೇಲೆಯೇ ಪರದೆಗೆ ಸಾಗುವ ದಾರಿ ಸುಗಮವಾಯಿತು. ಯಂತ್ರವು ಬರವಣಿಗೆಯನ್ನು ಕಸಿದುಕೊಂಡಿತೆಂಬ ಆರೋಪವು ಈ ಕಾರಣದಿಂದ ನಿಲ್ಲಲಾರದು.

ಇದಕ್ಕೆ ಇನ್ನೊಂದು ಆಧಾರವನ್ನು ಹೊರಗಿನಿಂದ ತರಬಹುದು. ಅಮೆರಿಕದ ವಿಶ್ವವಿದ್ಯಾಲಯಗಳ ಪ್ರವೇಶಕ್ಕಾಗಿ ನಡೆಯುವ ಜಿಆರ್‌ಇ ಪರೀಕ್ಷೆ 1990ರ ದಶಕದ ಆರಂಭದಲ್ಲಿಯೇ ಗಣಕಕ್ಕೆ ಏರಿತು. ಆದರೆ 2002ರಲ್ಲಿ ಅದಕ್ಕೆ ವಿಶ್ಲೇಷಣಾತ್ಮಕ ಬರವಣಿಗೆಯ ಭಾಗವನ್ನು ಸೇರಿಸಲಾಯಿತು. ಅಭ್ಯರ್ಥಿಗಳು ಕೀಲಿಮಣೆಯಲ್ಲಿ ಪ್ರಬಂಧವನ್ನೇ ಬೆರಳಚ್ಚಿಸಬೇಕು. ಎಂದರೆ ಪರದೆಗೂ ಪ್ರಬಂಧಕ್ಕೂ ಸ್ವಭಾವತಃ ವೈರವಿಲ್ಲ. ಭಾರತದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆ 2014ರಿಂದ ಪೂರ್ಣವಾಗಿ ಗಣಕದ ಮೇಲೆ ನಡೆಯುತ್ತಿದೆ. ಅಲ್ಲಿ ಸಂಖ್ಯಾರೂಪದ ಉತ್ತರಗಳನ್ನು ಕೂಡ ಪರದೆಯ ಮೇಲೆ ತೋರುವ ಅಂಕಿಗಳನ್ನು ಮೌಸಿನಿಂದ ಒತ್ತಿ ತುಂಬಬೇಕು. ಅಭ್ಯರ್ಥಿಗೆ ಎದುರಿರುವ ಕೀಲಿಮಣೆಯಿಂದ ಪ್ರಯೋಜನವಿಲ್ಲ.

ಕರ್ನಾಟಕದೊಳಗೇ ಬೇರೊಂದು ಬಗೆಯ ಡಿಜಿಟಲ್ ಪದ್ಧತಿ ಬೆಳೆದುದನ್ನೂ ಇಲ್ಲಿ ನೆನೆಯಬೇಕು. 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2010ರ ದಶಕದಲ್ಲಿ ಡಿಜಿಟಲ್ ಮೌಲ್ಯಮಾಪನವನ್ನು ಜಾರಿಗೆ ತಂದಿತು. ವಿದ್ಯಾರ್ಥಿ ಕಾಗದದ ಮೇಲೆ ಪೆನ್ನಿನಿಂದ ಬರೆಯುತ್ತಾನೆ. ಆ ಉತ್ತರಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಅಧ್ಯಾಪಕರ ಎದುರಿನ ಪರದೆಗೆ ಕಳಿಸಲಾಗುತ್ತದೆ. ಅಧ್ಯಾಪಕರು ಅಲ್ಲಿಯೇ ಓದಿ ಅಂಕ ನೀಡುತ್ತಾರೆ. ಇಲ್ಲಿ ಬರೆಯುವವನ ಲೋಕ ಹಳೆಯದಾಗಿಯೇ ಉಳಿದು, ಓದುವವರ ಲೋಕ ಬದಲಾಯಿತು. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಕೆಂಪು ಶಾಯಿಯ ಪೆನ್ನು ಹಿಡಿದು, ಸಾಲಾಗಿ ಕುಳಿತು ನಡೆಸುವ ಮೌಲ್ಯಮಾಪನ ಕೇಂದ್ರದ ಜೀವನವೇ ಒಂದು ಸಂಸ್ಕೃತಿ. ಅದರ ಹಾಸ್ಯಗಳು, ಅಡ್ಡಹೆಸರುಗಳು, ಉತ್ತರಪತ್ರಿಕೆಯೊಳಗೆ ಸಿಗುವ ಬೇಡಿಕೆಯ ಚೀಟಿಗಳ ಕಥೆಗಳು ಪ್ರತ್ಯೇಕ ಸಂಗ್ರಹಕ್ಕೆ ಯೋಗ್ಯವಾಗಿವೆ.

2020ರ ಮಹಾಮಾರಿಯ ಕಾಲದಲ್ಲಿ ಇವೆರಡರ ನಡುವಿನ ವಿಚಿತ್ರ ಸಂಕರವೊಂದು ದೆಹಲಿ ವಿಶ್ವವಿದ್ಯಾಲಯದಲ್ಲಿ ಕಾಣಿಸಿತು. ಆಗಸ್ಟಿನಲ್ಲಿ ನಡೆದ ತೆರೆದ ಪುಸ್ತಕದ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಪ್ರಶ್ನೆಪತ್ರಿಕೆಯನ್ನು ಅಂತರ್ಜಾಲದಿಂದ ಇಳಿಸಿಕೊಂಡು, ಮನೆಯಲ್ಲಿ ಕುಳಿತು ಕೈಯಿಂದ ಉತ್ತರ ಬರೆದು, ಹಾಳೆಗಳ ಚಿತ್ರ ತೆಗೆದು ಹಿಂದಕ್ಕೆ ಕಳಿಸಬೇಕಾಗಿತ್ತು. ಜಾಲಸಂಪರ್ಕವಿಲ್ಲದವರ ಮತ್ತು ದೃಷ್ಟಿ ಸಮಸ್ಯೆಯುಳ್ಳ ವಿದ್ಯಾರ್ಥಿಗಳ ಕಷ್ಟಗಳು ದೆಹಲಿ ಉಚ್ಚ ನ್ಯಾಯಾಲಯದವರೆಗೂ ಹೋದವು. ಅಂತಿಮ ವರ್ಷದ ಪರೀಕ್ಷೆಗಳನ್ನು ನಡೆಸಲೇಬೇಕೆಂಬ ಅನುದಾನ ಆಯೋಗದ ನಿಲುವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 28ರಂದು ಎತ್ತಿಹಿಡಿಯಿತು.

ಸಿದ್ಧತೆ ಮತ್ತು ಪ್ರವೇಶ

ಗಣಕದ ಪರೀಕ್ಷೆಗೆ ಸಿದ್ಧನಾಗುವುದೆಂದರೆ ವಿಷಯ ಓದುವುದಷ್ಟೇ ಅಲ್ಲ. ಅದು ಅರ್ಜಿಯಿಂದ ಆರಂಭವಾಗುತ್ತದೆ. ಹೋಬಳಿ ಮತ್ತು ತಾಲ್ಲೂಕು ಕೇಂದ್ರಗಳ ಸೈಬರ್ ಸೆಂಟರುಗಳು ಈ ವ್ಯವಸ್ಥೆಯಲ್ಲಿ ಹಿಂದಿನ ಕಾಲದ ಅರ್ಜಿ ಬರೆಯುವವರ ಸ್ಥಾನವನ್ನು ಪಡೆದಿವೆ. ಭಾವಚಿತ್ರ ಮತ್ತು ಸಹಿ ಇಂತಿಷ್ಟೇ ‘ಕೆಬಿ’ ಇರಬೇಕೆಂಬ ನಿಯಮದಿಂದಾಗಿ ಆ ಎರಡಕ್ಷರ ವಿದ್ಯಾರ್ಥಿಗಳ ಕನ್ನಡದಲ್ಲಿ ತೂಕದ ಅಳತೆಯಂತೆ ಬಳಕೆಗೆ ಬಂದಿದೆ. ‘ಫೋಟೊ ಕೆಬಿ ಜಾಸ್ತಿ ಆಯ್ತು, ಇಳಿಸಬೇಕು’ ಎನ್ನುವ ಮಾತನ್ನು ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಕೇಳಬಹುದು. ‘ಸರ್ವರ್ ಬಿಜಿ’ ಎಂಬುದಂತೂ ಹಳೆಯ ಕಾಲದ ‘ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ’ ಎಂಬ ಮಾತಿನ ಸ್ಥಾನಕ್ಕೆ ಬಂದು ಕುಳಿತಿದೆ.

ಮುಂದಿನದು ಅಭ್ಯಾಸ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ 2018ರಲ್ಲಿ ಶಾಲೆ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಗಣಕ ಪ್ರಯೋಗಾಲಯಗಳನ್ನು ಬಳಸಿಕೊಂಡು ಅಭ್ಯಾಸ ಕೇಂದ್ರಗಳನ್ನು ತೆರೆಯಿತು. ಅಣಕು ಪರೀಕ್ಷೆಗಳನ್ನು ಅಂತರ್ಜಾಲದಲ್ಲಿ ಒದಗಿಸಿತು. ಮನೆಯಲ್ಲಿ ಗಣಕವಿಲ್ಲದ ಹಳ್ಳಿಯ ಅಭ್ಯರ್ಥಿ ಅಣಕು ಪರೀಕ್ಷೆಯನ್ನು ಮೊಬೈಲಿನ ಪರದೆಯ ಮೇಲೆ ಬೆರಳಿನಿಂದ ಮಾಡಿ ಅಭ್ಯಸಿಸುತ್ತಾನೆ. ಪರೀಕ್ಷೆಯ ದಿನ ಅವನ ಕೈಗೆ ಬರುವುದು ಮೌಸು. ಪಂಪನಿಂದ ದೇವನೂರ ಮಹಾದೇವರವರೆಗೆ ಓದಿಕೊಂಡವನಿಗೂ ಮೊದಲ ಹತ್ತು ನಿಮಿಷ ಬಾಣದ ಗುರುತನ್ನು ಸರಿಯಾದ ಜಾಗಕ್ಕೆ ತರುವುದೇ ಕೆಲಸವಾಗುವುದುಂಟು. ಇದನ್ನು ಸಣ್ಣ ತೊಡಕೆಂದು ತಳ್ಳಿಹಾಕುವುದು ನಗರದಲ್ಲಿ ಬೆಳೆದವರಿಗೆ ಸುಲಭ.

ಕೇಂದ್ರಗಳು ಸಾಮಾನ್ಯವಾಗಿ ದೊಡ್ಡ ನಗರಗಳಲ್ಲಿ, ಗಣಕಗಳು ಸಾಕಷ್ಟಿರುವ ಖಾಸಗಿ ಸಂಸ್ಥೆಗಳಲ್ಲಿ ಇರುತ್ತವೆ. ಎಷ್ಟೋ ವೇಳೆ ಅವು ಊರಿನ ಹೊರಗೆ. ಬೆಳಗಿನ ಪಾಳಿಯವರು ಹಿಂದಿನ ರಾತ್ರಿಯೇ ಬಸ್ಸು ಹಿಡಿಯಬೇಕು. ಹೆಣ್ಣುಮಕ್ಕಳೊಡನೆ ತಂದೆಯೋ ಅಣ್ಣನೋ ಗಂಡನೋ ಬರುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಗೇಟಿನ ಹೊರಗೆ ಮರದ ನೆರಳಿನಲ್ಲಿ ಮಗುವನ್ನು ಆಡಿಸುತ್ತ ಕುಳಿತಿರುವ ಗಂಡಸರನ್ನು ಕಾಣುವುದು ಈ ಪರೀಕ್ಷೆಗಳ ಒಂದು ವಿಶೇಷ. ವಿವಾಹದ ಅನಂತರವೂ ಎನ್‌ಇಟಿಗೆ ಓದುವ ಮಹಿಳೆಯರ ಸಂಗತಿಯನ್ನು ಇದೊಂದು ದೃಶ್ಯವೇ ಹೇಳುತ್ತದೆ.

ಗೇಟಿನ ಒಳಗೆ ಪ್ರವೇಶಿಸುವ ಕ್ರಮದಲ್ಲಿ ಆಚರಣೆಗಳ ಅಧ್ಯಯನಕಾರರು ಗುರುತಿಸುವ ಎಲ್ಲ ಘಟ್ಟಗಳೂ ಇವೆ. ಮೊದಲು ಬೇರ್ಪಡೆ: ಚೀಲ, ಮೊಬೈಲು, ಕೈಗಡಿಯಾರ, ಲೋಹದ ಆಭರಣಗಳನ್ನು ಹೊರಗೆ ಬಿಡಬೇಕು. ಆಮೇಲೆ ತಪಾಸಣೆ, ಬೆರಳಚ್ಚು, ಭಾವಚಿತ್ರ. ಕೊನೆಗೆ ಯಂತ್ರವೊಂದು ನಿಗದಿಪಡಿಸಿದ ಆಸನ. ಕಾಶಿದಾರ, ತಾಯಿತ, ಉಂಗುರ, ತಾಳಿ, ಕಾಲುಂಗುರಗಳು ಇಲ್ಲಿ ಹೊಸ ಅರ್ಥ ಪಡೆಯುತ್ತವೆ. ತೊಟ್ಟವರಿಗೆ ಅವು ಪರೀಕ್ಷೆಯಲ್ಲಿ ಕಾಯುವ ವಸ್ತುಗಳು. ತಪಾಸಣೆ ಮಾಡುವವರಿಗೆ ಅನುಮಾನದ ವಸ್ತುಗಳು. 2025ರ ಏಪ್ರಿಲಿನ ಸಿಇಟಿ ಸಂದರ್ಭದಲ್ಲಿ ಬೀದರ ಮತ್ತು ಶಿವಮೊಗ್ಗಗಳಲ್ಲಿ ಜನಿವಾರ ತೆಗೆಯಲು ಹೇಳಿದರೆಂಬ ದೂರು ರಾಜ್ಯವ್ಯಾಪಿ ವಿವಾದವಾದುದು ಇಂಥದೇ ಘರ್ಷಣೆಯ ಫಲ. ಅದು ಕಾಗದದ ಮೇಲಿನ ಪರೀಕ್ಷೆಯೇ ಆಗಿತ್ತು. ಆದರೆ ಬಾಗಿಲಿನ ಕ್ರಮಗಳು ಈಗ ಎರಡೂ ಬಗೆಯ ಪರೀಕ್ಷೆಗಳಿಗೆ ಸಾಮಾನ್ಯವಾಗಿವೆ.

ಒಳಗೆ ಕುಳಿತವನ ಎದುರಿಗೆ ಪರದೆಯ ಒಂದು ಬದಿಯಲ್ಲಿ ಪ್ರಶ್ನೆ, ಇನ್ನೊಂದು ಬದಿಯಲ್ಲಿ ಸಂಖ್ಯೆಗಳ ಚೌಕಗಳು. ಉತ್ತರಿಸಿದ ಪ್ರಶ್ನೆಯ ಸಂಖ್ಯೆ ಹಸಿರಾಗುತ್ತದೆ. ನೋಡಿ ಉತ್ತರಿಸದೆ ಬಿಟ್ಟುದು ಕೆಂಪಾಗುತ್ತದೆ. ಮತ್ತೊಮ್ಮೆ ನೋಡಬೇಕೆಂದು ಗುರುತಿಸಿದ್ದು ನೇರಳೆಯಾಗುತ್ತದೆ. ಮೇಲ್ತುದಿಯಲ್ಲಿ ಸಮಯ ಹಿಂದಕ್ಕೆ ಎಣಿಸಿಕೊಳ್ಳುತ್ತಿರುತ್ತದೆ. ಅರ್ಧ ಗಂಟೆಗೊಮ್ಮೆ ಜವಾನ ಬಾರಿಸುತ್ತಿದ್ದ ಗಂಟೆಯ ಸದ್ದು ಇಲ್ಲಿಲ್ಲ. ಹಳೆಯ ಪರೀಕ್ಷಾ ಕೊಠಡಿಯಲ್ಲಿ ಕಾಲವು ಎಲ್ಲರಿಗೂ ಒಟ್ಟಿಗೆ ಕೇಳಿಸುತ್ತಿತ್ತು. ಇಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಾಣಿಸುತ್ತದೆ. ಕೊನೆಯ ಕ್ಷಣದಲ್ಲಿ ‘ಒಂದು ನಿಮಿಷ ಸರ್’ ಎಂದು ಉತ್ತರಪತ್ರಿಕೆಯನ್ನು ಎಳೆದು ಹಿಡಿದುಕೊಳ್ಳುವ ಅವಕಾಶವೂ ಇಲ್ಲ. ಸಮಯ ಮುಗಿದಾಗ ಉತ್ತರಗಳು ತಾವಾಗಿ ಸಲ್ಲಿಕೆಯಾಗುತ್ತವೆ.

ಹೊರಗೆ ಬಂದ ಮೇಲೆ ಕೇಳುವ ಪ್ರಶ್ನೆ ಈಗ ‘ಎಷ್ಟು ಅಡಿಷನಲ್?’ ಎಂದಲ್ಲ, ‘ಎಷ್ಟು ಅಟೆಂಡ್ ಮಾಡಿದೆ?’ ಎಂದು. ಅಭ್ಯರ್ಥಿಗಳು ಹೆಚ್ಚಿರುವ ವಿಷಯಗಳಲ್ಲಿ ಪರೀಕ್ಷೆ ಹಲವು ಪಾಳಿಗಳಲ್ಲಿ ನಡೆಯುವುದರಿಂದ ‘ಬೆಳಗಿನ ಪಾಳಿ ಸುಲಭ, ಮಧ್ಯಾಹ್ನದ್ದು ಕಠಿಣ’ ಎಂಬ ಮಾತುಗಳೂ ಹುಟ್ಟಿಕೊಂಡಿವೆ. ಪಾಳಿಗಳ ನಡುವಿನ ವ್ಯತ್ಯಾಸವನ್ನು ಸರಿದೂಗಿಸಲು ಶೇಕಡಾವಾರು ಅಂಕದ ಬದಲು ಶತಮಾನಕ್ರಮದ ಅಂಕವನ್ನು, ವಿದ್ಯಾರ್ಥಿಗಳ ಮಾತಿನಲ್ಲಿ ‘ಪರ್ಸೆಂಟೈಲ್’ ಅನ್ನು, ಲೆಕ್ಕಹಾಕಲಾಗುತ್ತದೆ. ತಾನು ಪಡೆದ ಅಂಕವೇ ಬೇರೆ, ತನಗೆ ಸಿಕ್ಕ ಅಂಕವೇ ಬೇರೆ ಎಂಬ ಅಸಮಾಧಾನಕ್ಕೆ ಇದು ಕಾರಣವಾಗಿದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಗಳಿಕೆಯನ್ನು ಒಪ್ಪಲೇಬೇಕು. ಪರೀಕ್ಷೆ ಮುಗಿದ ಕೆಲವು ದಿನಗಳಲ್ಲಿ ಪ್ರಶ್ನೆಗಳು, ಅಭ್ಯರ್ಥಿಯ ಉತ್ತರಗಳು ಮತ್ತು ತಾತ್ಕಾಲಿಕ ಕೀ ಉತ್ತರಗಳು ಅವನ ಕೈಗೆ ಸಿಗುತ್ತವೆ. ಶುಲ್ಕ ತೆತ್ತು ಆಕ್ಷೇಪಣೆ ಸಲ್ಲಿಸಬಹುದು. ಮೂರನೆಯ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆದವನಿಗೆ ತನ್ನ ಪ್ರಬಂಧವನ್ನು ಯಾರು ಓದಿದರು, ಓದಿ ಏನೆಂದರು ಎಂಬುದು ಗೊತ್ತಾಗುತ್ತಲೇ ಇರಲಿಲ್ಲ.

ನೆನಪಿನ ಸಂಪುಟ, ವದಂತಿಯ ಚಿತ್ರ

ಡಿಜಿಟಲ್ ಪರೀಕ್ಷೆಯು ಮೌಖಿಕ ಪರಂಪರೆಯನ್ನು ಕೊನೆಗಾಣಿಸಿತೆಂದು ಭಾವಿಸುವವರು ಚೀನಾದ ಅನುಭವವನ್ನು ಗಮನಿಸಬೇಕು. ಗಣಕದ ಮೇಲಿನ ಜಿಆರ್‌ಇ ಪರೀಕ್ಷೆಯಲ್ಲಿ ಪ್ರಶ್ನೆಗಳು ಒಂದು ಸಂಗ್ರಹದಿಂದ ಬರುತ್ತಿದ್ದವು. ಇಂದು ಒಬ್ಬರಿಗೆ ಬಂದುದು ಇನ್ನೊಂದು ದಿನ ಇನ್ನೊಬ್ಬರಿಗೆ ಬರುವ ಸಾಧ್ಯತೆಯಿತ್ತು. ಅಭ್ಯರ್ಥಿಗಳು ಹೊರಬಂದ ಕೂಡಲೆ ನೆನಪಿನಲ್ಲಿದ್ದ ಪ್ರಶ್ನೆಗಳನ್ನು ಬರೆದು ಜಾಲತಾಣಗಳಲ್ಲಿ ಸೇರಿಸುತ್ತ ಹೋದರು. ಒಬ್ಬರ ನೆನಪು ಇನ್ನೊಬ್ಬರ ನೆನಪಿನಿಂದ ತಿದ್ದುಪಡಿಗೊಂಡಿತು. ಪರೀಕ್ಷೆಯನ್ನು ನಡೆಸುವ ಇಟಿಎಸ್ ಸಂಸ್ಥೆ 2002ರಲ್ಲಿ ಚೀನಾ, ತೈವಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ಗಣಕ ಪರೀಕ್ಷೆಯನ್ನು ನಿಲ್ಲಿಸಿ ಮತ್ತೆ ಕಾಗದಕ್ಕೆ ಮರಳಬೇಕಾಯಿತು. ಇಂಥ ಸಂಗ್ರಹಗಳಿಗೆ ಚೀನೀ ವಿದ್ಯಾರ್ಥಿಗಳು ಇಟ್ಟ ಹೆಸರು ‘ಜೀಜಿಂಗ್’. ‘ಜೀ’ ಎಂದರೆ ಯಂತ್ರ; ‘ಜಿಂಗ್’ ಎಂದರೆ ಶಾಸ್ತ್ರಗ್ರಂಥ. ಪ್ರಾಚೀನ ಶಾಸ್ತ್ರಗ್ರಂಥಗಳನ್ನು ಕಂಠಸ್ಥ ಮಾಡಿದವರಿಗೆ ಅಧಿಕಾರ ಪದವಿ ನೀಡುವ ಲಿಖಿತ ಪರೀಕ್ಷೆಯನ್ನು 1905ರವರೆಗೆ ನಡೆಸಿಕೊಂಡು ಬಂದ ನಾಡಿನಲ್ಲಿ ಈ ಹೆಸರು ಹುಟ್ಟಿದ್ದು ಆಕಸ್ಮಿಕವಲ್ಲ. ಅನೇಕರ ನೆನಪಿನಿಂದ, ಕರ್ತೃವಿನ ಹೆಸರಿಲ್ಲದೆ, ಪಾಠಾಂತರಗಳೊಡನೆ ಬೆಳೆದ ಈ ಪಠ್ಯಗಳನ್ನು ಜನಪದ ರಚನೆಗಳೆಂದು ಕರೆಯಲು ಯಾವ ಅಡ್ಡಿಯೂ ಇಲ್ಲ. ಭಾರತದಲ್ಲಿಯೂ ಪ್ರತಿ ಪಾಳಿ ಮುಗಿದೊಡನೆ ‘ಮೆಮೊರಿ ಬೇಸ್ಡ್’ ಪ್ರಶ್ನೆಗಳ ಪಟ್ಟಿಗಳು ಹರಿದಾಡುವುದು ಇದೇ ಜಾತಿಯ ಸಂಗತಿ.

ಇದಕ್ಕೆ ತಿರುವುಮುರುವಾದ ಘಟನೆ 2024ರಲ್ಲಿ ನಡೆಯಿತು. ಐದಾರು ವರ್ಷ ಗಣಕದ ಮೇಲೆ ನಡೆದಿದ್ದ ಎನ್‌ಇಟಿಯನ್ನು ಆ ವರ್ಷದ ಜೂನ್ 18ರಂದು ಮತ್ತೆ ಕಾಗದದ ಮೇಲೆ, ದೇಶದಾದ್ಯಂತ ಒಂದೇ ದಿನ ನಡೆಸಲಾಯಿತು. 9 ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳು ಹಾಜರಾದರು. ಮರುದಿನವೇ, ಜೂನ್ 19ರ ರಾತ್ರಿ, ಕೇಂದ್ರ ಶಿಕ್ಷಣ ಸಚಿವಾಲಯವು ಪರೀಕ್ಷೆಯನ್ನು ರದ್ದುಪಡಿಸಿತು. ಪ್ರಶ್ನೆಪತ್ರಿಕೆಯ ಚಿತ್ರವೊಂದು ಪರೀಕ್ಷೆಗೆ ಮೊದಲೇ ಟೆಲಿಗ್ರಾಂ ಗುಂಪಿನಲ್ಲಿ ಕಾಣಿಸಿತ್ತೆಂಬ ಮಾಹಿತಿಯೇ ಅದಕ್ಕೆ ಕಾರಣವಾಗಿತ್ತು. ತನಿಖೆ ನಡೆಸಿದ ಕೇಂದ್ರೀಯ ತನಿಖಾ ದಳವು ಆ ಚಿತ್ರವನ್ನು ತಿದ್ದಲಾಗಿತ್ತೆಂಬ ತೀರ್ಮಾನಕ್ಕೆ ಬಂದು, 2025ರ ಜನವರಿಯಲ್ಲಿ ಪ್ರಕರಣ ಮುಕ್ತಾಯದ ವರದಿ ಸಲ್ಲಿಸಿತು. ಪರೀಕ್ಷೆಯಾದ ಮೇಲೆ ತೆಗೆದ ಚಿತ್ರಕ್ಕೆ ಮೊದಲೇ ಹೊರಬಂದಂತೆ ಕಾಣುವ ಹೊತ್ತನ್ನು ಹಚ್ಚಲಾಗಿತ್ತು.

ಅಷ್ಟರಲ್ಲಿ 2024ರ ಆಗಸ್ಟ್ 21ರಿಂದ ಸೆಪ್ಟೆಂಬರ್ 4ರವರೆಗೆ ಮರುಪರೀಕ್ಷೆ ಗಣಕದ ಮೇಲೆ ನಡೆದು ಮುಗಿದಿತ್ತು. ಒಂದು ವದಂತಿ 9 ಲಕ್ಷ ಜನರ ಪರೀಕ್ಷೆಯನ್ನು ಅಳಿಸಿಹಾಕಿತು. ರಾತ್ರಿ ಬಸ್ಸಿನಲ್ಲಿ ಊರು ಸೇರಿ, ಕೂಲಿಗೋ ಅತಿಥಿ ಉಪನ್ಯಾಸಕರ ತರಗತಿಗೋ ಮರಳಿದ್ದವರು ಇನ್ನೊಮ್ಮೆ ರಜೆ ಕೇಳಬೇಕಾಯಿತು, ಇನ್ನೊಮ್ಮೆ ಬಸ್ಸಿನ ಖರ್ಚು ಹೊಂದಿಸಬೇಕಾಯಿತು. ಆ ಸಾಲಿನಿಂದಲೇ ಎನ್‌ಇಟಿ ಅಂಕಗಳನ್ನು ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುವ ನಿಯಮ ಜಾರಿಗೆ ಬಂದಿದ್ದರಿಂದ ಈ ಪರೀಕ್ಷೆಯ ಭಾರ ಹಿಂದಿಗಿಂತ ಹೆಚ್ಚಾಗಿತ್ತು. ಕಾಗದದ ಪರೀಕ್ಷೆಯನ್ನು ಅನುಮಾನಕ್ಕೆ ದೂಡಿದುದು ಡಿಜಿಟಲ್ ಚಿತ್ರ. ಅದರಿಂದ ಪಾರಾಗಲು ಆರಿಸಿಕೊಂಡುದೂ ಡಿಜಿಟಲ್ ಪರೀಕ್ಷೆ.

ಒಂದೇ ಉತ್ತರ

ಕನ್ನಡ ಮತ್ತು ಜಾನಪದ ವಿದ್ಯಾರ್ಥಿಗಳಿಗೆ ಈ ಪರೀಕ್ಷೆ ಒಡ್ಡುವ ತೊಡಕು ಎರಡು ಬಗೆಯದು. ಮೊದಲನೆಯದು ಭಾಷೆಯದು. ಎನ್‌ಇಟಿಯಲ್ಲಿ ಕನ್ನಡ ವಿಷಯದ ಪ್ರಶ್ನೆಗಳು ಕನ್ನಡದಲ್ಲಿಯೇ ಇರುತ್ತವೆ. ಆದರೆ ಬೋಧನೆ, ಸಂಶೋಧನೆ, ತರ್ಕ ಮುಂತಾದವನ್ನು ಕುರಿತ 100 ಅಂಕಗಳ ಮೊದಲ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ‘ಜನಪದ ಸಾಹಿತ್ಯ’ವೂ ಎನ್‌ಇಟಿಯ ವಿಷಯಗಳಲ್ಲೊಂದು, ಅದರ ಪ್ರಶ್ನೆಪತ್ರಿಕೆಯ ಭಾಷೆಯೂ ಇಂಗ್ಲಿಷ್ ಮತ್ತು ಹಿಂದಿಯೇ. ಸಣ್ಣಾಟ, ಗೀಗೀಪದ, ಕರಪಾಲಮೇಳಗಳನ್ನು ಕನ್ನಡದಲ್ಲಿ ಓದಿ, ಕನ್ನಡದಲ್ಲಿ ಕ್ಷೇತ್ರಕಾರ್ಯ ಮಾಡಿ, ಕನ್ನಡದಲ್ಲಿ ನಿಬಂಧ ಬರೆದ ವಿದ್ಯಾರ್ಥಿ ಆ ಪರದೆಯ ಮುಂದೆ ಪರಿಭಾಷೆಯ ಅನುವಾದಕನಾಗಬೇಕಾಗುತ್ತದೆ. ಕಾಗದದ ಪರೀಕ್ಷೆಯಲ್ಲಿ ಇನ್ನೊಂದು ಭಾಷೆಯನ್ನು ಸೇರಿಸಿದರೆ ಮುದ್ರಣದ ಪುಟಗಳು ಹೆಚ್ಚುತ್ತವೆ ಎನ್ನಬಹುದಿತ್ತು. ಪರದೆಗೆ ಆ ನೆಪವಿಲ್ಲ. ಕನ್ನಡವು ಯೂನಿಕೋಡ್ ಶಿಷ್ಟತೆಯೊಳಗೆ ಅದರ ಆರಂಭದ ಆವೃತ್ತಿಯಿಂದಲೇ, 1991ರಿಂದಲೇ, ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 2023ನೆಯ ಸಾಲಿನಿಂದ ನಡೆಸುತ್ತಿರುವ, ಅದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ, ಕೆ-ಸೆಟ್ ಪರೀಕ್ಷೆಯಲ್ಲಿ ಮೊದಲ ಪತ್ರಿಕೆಯನ್ನು ಕನ್ನಡದಲ್ಲಿಯೂ ಓದಿ ಉತ್ತರಿಸಬಹುದು. ಆ ಪರೀಕ್ಷೆ ನಡೆಯುತ್ತಿರುವುದು ಕಾಗದದ ಓಎಂಆರ್ ಹಾಳೆಯ ಮೇಲೆ.

ಎರಡನೆಯ ತೊಡಕು ಶಾಸ್ತ್ರದ್ದು. ಕಂಸಾಳೆಯವರು ಮಲೆಯ ಮಾದೇಶ್ವರನನ್ನು, ನೀಲಗಾರರು ಮಂಟೇಸ್ವಾಮಿಯನ್ನು, ಗೊರವರು ಮೈಲಾರಲಿಂಗನನ್ನು, ಚೌಡಿಕೆಯವರು ಎಲ್ಲಮ್ಮನನ್ನು ಹಾಡುತ್ತಾರೆ. ಹೊಂದಿಸುವ ಪ್ರಶ್ನೆಗೆ ಹೇಳಿ ಮಾಡಿಸಿದ ಸಾಮಗ್ರಿ ಇದು. ಇದನ್ನು ತಿಳಿದಿರುವುದು ಅಗತ್ಯವೂ ಹೌದು. ಆದರೆ ಮಾದೇಶ್ವರನ ಕಾವ್ಯವನ್ನು ಒಬ್ಬ ಗಾಯಕ ಹಾಡಿದಂತೆ ಇನ್ನೊಬ್ಬ ಹಾಡುವುದಿಲ್ಲ. ಒಬ್ಬನೇ ಗಾಯಕ ಎರಡು ರಾತ್ರಿ ಒಂದೇ ರೀತಿ ಹಾಡುವುದಿಲ್ಲ. ಜಾನಪದ ಅಧ್ಯಯನವು ಶಾಸ್ತ್ರವಾಗಿ ನಿಂತಿರುವುದೇ ಈ ಅರಿವಿನ ಮೇಲೆ. ಈ ಪಾಠಾಂತರಗಳಲ್ಲಿ ಯಾವುದು ಏಕೆ ಬದಲಾಯಿತು ಎಂದು ವಿವರಿಸಬಲ್ಲವನೇ ಜಾನಪದದ ಅಧ್ಯಾಪಕ. ನಾಲ್ಕರಲ್ಲಿ ಒಂದು ಮಾತ್ರ ಸರಿ ಎನ್ನುವ ಪ್ರಶ್ನೆಗೆ ಆ ವಿವರಣೆಯನ್ನು ಕೇಳುವ ಶಕ್ತಿಯಿಲ್ಲ. ಶಿಷ್ಟ ಸಾಹಿತ್ಯದಲ್ಲಿಯೂ ಇದೇ ಕಷ್ಟ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬುದನ್ನು ಕುರಿತು ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದ್ದಾರೆ. ಆ ಚರ್ಚೆಯ ಎರಡೂ ಪಕ್ಷಗಳನ್ನು ಓದಿಕೊಂಡವನು ಆ ಎರಡು ಹೆಸರುಗಳನ್ನೂ ಆಯ್ಕೆಗಳಾಗಿ ಕಂಡರೆ ಹಿಂಜರಿಯುತ್ತಾನೆ. ಗೈಡಿನಲ್ಲಿ ಒಂದೇ ಹೆಸರು ಓದಿದವನು ಹಿಂಜರಿಯುವುದಿಲ್ಲ.

ಹಳೆಯ ಮೂರನೆಯ ಪತ್ರಿಕೆಯನ್ನು ಹಾಗೆಯೇ ಮರಳಿ ತರಬೇಕೆಂದು ವಾದಿಸುವುದು ಕಷ್ಟ. ಅದರಲ್ಲಿ ಕೈಬರಹಕ್ಕೆ, ಮೌಲ್ಯಮಾಪಕರ ಒಲವಿಗೆ, ಹೆಚ್ಚುವರಿ ಹಾಳೆಗಳ ದಪ್ಪಕ್ಕೆ ಅಂಕಗಳು ಸೋರಿಹೋದುದುಂಟು. ಆದರೆ ಕಾಗದದ ಮೇಲೆ ಬರೆದುದನ್ನು ಪರದೆಯ ಮೇಲೆ ಓದುವ ಕ್ರಮವು ಕರ್ನಾಟಕದ ವಿಶ್ವವಿದ್ಯಾಲಯವೊಂದರಲ್ಲಿಯೇ ರೂಢಿಗೆ ಬಂದಿರುವಾಗ, ಕನ್ನಡವನ್ನು ಬೆರಳಚ್ಚಿಸುವ ತಂತ್ರಾಂಶಗಳು ಎರಡು ದಶಕಗಳಿಂದ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವಾಗ, ಬರವಣಿಗೆಯನ್ನು ಕೈಬಿಟ್ಟ ಹೊಣೆಯನ್ನು ಯಂತ್ರದ ಮೇಲೆ ಹೊರಿಸಲಾಗದು. ಕನ್ನಡವನ್ನು ಬೋಧಿಸಲು ಅರ್ಹತೆ ಪಡೆಯುವವರು ಕನ್ನಡದಲ್ಲಿ ಒಂದು ಪುಟ ಬರೆಯಬಲ್ಲರೇ ಎಂಬುದನ್ನು ಎನ್‌ಇಟಿ 2012ರಿಂದ ಕೇಳುತ್ತಿಲ್ಲ. ಅದನ್ನು ಕೇಳಲು ಓದುವ ಜನ ಬೇಕು, ಅವರಿಗೆ ವೇಳೆ ಬೇಕು, ಸಂಭಾವನೆ ಬೇಕು.

ಗಣಕದ ಪರೀಕ್ಷೆಯಲ್ಲಿ ಪ್ರತಿ ಅಭ್ಯರ್ಥಿಗೂ ಕಚ್ಚಾ ಬರಹಕ್ಕೆಂದು ಖಾಲಿ ಹಾಳೆಯನ್ನು ಕೊಡಲಾಗುತ್ತದೆ. ಹಾಳೆಯ ಮೇಲ್ಭಾಗದಲ್ಲಿ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಬರೆಯಬೇಕು. ಮೊದಲ ಪತ್ರಿಕೆಯ ಲೆಕ್ಕಗಳು ಅದರಲ್ಲಿಯೇ ನಡೆಯುತ್ತವೆ. ಕವಿಗಳ ಕಾಲಾನುಕ್ರಮವನ್ನು ನೆನಪಿಸಿಕೊಳ್ಳುವವರು ಹೆಸರುಗಳನ್ನು ಅಲ್ಲಿಯೇ ಒಂದರ ಕೆಳಗೊಂದು ಬರೆದು ನೋಡುತ್ತಾರೆ. ಉತ್ತರಪತ್ರಿಕೆಯ ಮೇಲೆ ಬರೆಯುತ್ತಿದ್ದ ‘ಶ್ರೀ’ಕಾರಕ್ಕೂ ಈಗ ಉಳಿದಿರುವ ಜಾಗ ಅದೇ. ಹೊರಡುವಾಗ ಆ ಹಾಳೆಯನ್ನು ಕೊಠಡಿಯ ಮೇಲ್ವಿಚಾರಕರಿಗೆ ಹಿಂದಿರುಗಿಸಬೇಕು. ಅದಕ್ಕೆ ಅಂಕಗಳಿಲ್ಲ.